ಹಸಿರು ಕುದುರೆಯ ಮಾದರಿ ಕಾರ್ಡು

ಶಾಲೆಗೆ ಸೇರಿಸಿಕೊಳ್ಳುವ ಪರೀಕ್ಷೆಯಲ್ಲಿ ಇಪ್ಪತ್ತು ನಿಮಿಷ ಕೊಟ್ಟಿದ್ದರು. ಇಪ್ಪತ್ತು ನಿಮಿಷವೂ ಅಕ್ಕಮ್ಮ ಬಣ್ಣದ ಕಡ್ಡಿ ಹಿಡಿದುಕೊಂಡು ಕೂತಳೇ ಹೊರತು ಹಾಳೆಯ ಮೇಲೆ ಒಂದು ಗೀಟು ಬೀಳಲಿಲ್ಲ.

ಅಕ್ಕಮ್ಮನಿಗೆ ಐದೂವರೆ ವರ್ಷ. ಮೂರು ವರ್ಷದ ತಮ್ಮ ಅಕ್ಕ ಎನ್ನುತ್ತಾನೆಂದು ಅಪ್ಪ ಅಮ್ಮನೂ ಅಕ್ಕಮ್ಮ ಎಂದು ಶುರುಮಾಡಿ, ಈಗ ಅಜ್ಜಿಯೂ ಮೊಮ್ಮಗಳನ್ನು ಹಾಗೆಯೇ ಕೂಗುವಂತಾಗಿತ್ತು. ತಮ್ಮನಿಗೆ ಟೊಣಪ ಎಂಬ ಹೆಸರು ಏಕೆ ಬಿತ್ತೆಂದು ಅವನನ್ನು ಒಮ್ಮೆ ಎತ್ತಿಕೊಂಡವರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

ಆ ಸಂಜೆ ಅಜ್ಜಿಯ ಮಗ, ಅಂದರೆ ಅಕ್ಕಮ್ಮನ ಅಪ್ಪ, ಶಾಲೆಯಿಂದ ನೇರ ಊಟದ ಮೇಜಿಗೆ ಬಂದು, ಜೇಬಿನಿಂದ ನಾಲ್ಕು ಮಡಿಕೆಯ ಹಾಳೆ ತೆಗೆದು ತಟ್ಟೆಗಳ ನಡುವೆ ಬಿಚ್ಚಿಟ್ಟ. ಒಂದು ಮನೆ, ಒಂದು ಮರ, ಬಾಗಿಲಲ್ಲಿ ನಿಂತ ಹೆಂಗಸು, ಒಂದು ನಾಯಿ. ಬರೀ ಗೆರೆ. ಬಣ್ಣದ ಸುಳಿವಿಲ್ಲ.

"ನೋಡು, ನಿನ್ನ ಮಗಳ ಕಾರುಬಾರು," ಎಂದ ಹೆಂಡತಿಗೆ. ಅಕ್ಕಮ್ಮ ಏನಾದರೂ ಎಡವಟ್ಟು ಮಾಡಿದ ದಿನ ಅವಳು ಹೆಂಡತಿಯ ಮಗಳು.

ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದ ಸೊಸೆಯ ಕೈ ಅಲ್ಲೇ ನಿಂತಿತು. "ಏನಂದ್ರು?"

"ಏನಂತಾರೆ? ಗಮನ ಇಲ್ಲ, ಮಾತಿಲ್ಲ, ಕೈ ಓಡಲ್ಲ ಅಂದ್ರು. ಆರು ವಾರ ಬಿಟ್ಟು ಇನ್ನೊಂದ್ಸಲ ನೋಡ್ತಾರಂತೆ. ಆಗ್ಲೂ ಹೀಗೇ ಕೂತರೆ ಒಂದನೇ ಕ್ಲಾಸು ಇಲ್ಲ. ಚಿಕ್ಕ ಮಕ್ಕಳ ಕೋಣೇಲಿ ಒಂದು ವರ್ಷ."

"ಅಂದ್ರೆ ಇವನ ಜೊತೆ?"

ಎಲ್ಲರೂ ಟೊಣಪನನ್ನು ನೋಡಿದರು. ಅವನು ಬೇಯಿಸಿದ ಆಲೂಗಡ್ಡೆಯ ಹೋಳನ್ನು ನೀರಿನ ಲೋಟದಲ್ಲಿ ಅದ್ದಿ ಈಜು ಕಲಿಸುತ್ತಿದ್ದ.

"ಇವನ ಜೊತೇನೇ. ಒಂದೇ ಚಾಪೆ."

ಅಕ್ಕಮ್ಮ ಆ ಸಂಜೆ ಮೊದಲ ಸಲ ಬಾಯಿ ಬಿಟ್ಟಳು. "ನಾನು ಅವನ ಪಕ್ಕ ಕೂರಲ್ಲ. ಅವನು ಬಣ್ಣದ ಕಡ್ಡಿ ತಿಂತಾನೆ."

"ಅವನು ತಿಂದಾದ್ರೂ ಖರ್ಚು ಮಾಡ್ತಾನೆ," ಎಂದ ಅಪ್ಪ. "ನೀನು ಅದೂ ಮಾಡ್ಲಿಲ್ವಲ್ಲೇ!"

ಅಜ್ಜಿಗೆ ನಗು ಬಂತು. ಸೊಸೆಯ ಮುಖ ನೋಡಿ ನುಂಗಿಕೊಂಡಳು.

ಅಪರಾಧಿ ಯಾರೆಂದು ಊಟ ಮುಗಿಯುವುದರೊಳಗೆ ಮಗ ತೀರ್ಮಾನಿಸಿಬಿಟ್ಟಿದ್ದ: ಫೋನು. ಸೊಸೆ ಜೆರಾಕ್ಸ್ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು. ಎಂಟು ತಿಂಗಳ ಹಿಂದೆ, ಗಾಜು ಬಿರುಕುಬಿಟ್ಟಿದ್ದ ತನ್ನ ಹಳೆಯ ಫೋನಿಗೆ ಮಕ್ಕಳ ಲೈಬ್ರರಿಯೊಂದರಿಂದ ಅರವತ್ತು ಆಡಿಯೋ ಪುಸ್ತಕ ಇಳಿಸಿಕೊಂಡು ಬಂದಿದ್ದಳು. ಒಂದೊಂದು ಕಥೆಗೂ ಬಣ್ಣ ತುಂಬಲು ಒಂದು ಚಿತ್ರ. ಅಂಗಡಿಯಲ್ಲಿ ಕೆಟ್ಟುಹೋದ ಹಾಳೆಗಳ ಹಿಂಬದಿಯಲ್ಲಿ ಆ ಚಿತ್ರಗಳನ್ನು ಅಚ್ಚು ಹಾಕಿ ತರುತ್ತಿದ್ದಳು. ಒಂದು ಬದಿಯಲ್ಲಿ ಛತ್ರಿ ಹಿಡಿದ ಬಾತುಕೋಳಿ, ಇನ್ನೊಂದು ಬದಿಯಲ್ಲಿ ಯಾರದೋ ಮನೆ ಬಾಡಿಗೆಯ ಕರಾರು. ಕಿವಿಯಲ್ಲಿ ಕಥೆ, ಕೈಯಲ್ಲಿ ಬಣ್ಣ; ಶಾಲೆಗೆ ಸೇರುವವರೆಗೆ ಮಕ್ಕಳು ಮನೆಯಲ್ಲೇ ಹೀಗೆ ಕಲಿಯಲಿ ಎಂಬುದು ಅವಳ ಲೆಕ್ಕಾಚಾರ.

ಮಗ ಲಿಫ್ಟ್ ಮೆಕ್ಯಾನಿಕ್. ವಾರ ಬಿಟ್ಟು ವಾರ ರಾತ್ರಿ ಪಾಳಿ. ಆ ವಾರಗಳಲ್ಲಿ ಹಗಲೆಲ್ಲ ನಿದ್ದೆ. ಎರಡು ಕೋಣೆಯ ಮನೆಯಲ್ಲಿ ಕಥೆ ಜೋರಾಗಿ ಹಾಕುವಂತಿಲ್ಲ. ಹಾಗಾಗಿ ಅಕ್ಕಮ್ಮನ ತಲೆಗೆ ಒಂದು ದೊಡ್ಡ ಹೆಡ್‌ಫೋನು. ಅವಳು ಅದನ್ನು ಹಾಕಿಕೊಂಡು ಕಿಟಕಿಯ ಕೆಳಗೆ ಬೋರಲು ಮಲಗಿದರೆ, ಅವಳ ಆಗೀಗಿನ ಗೊಣಗಾಟ ಬಿಟ್ಟರೆ, ಮನೆಯಲ್ಲಿ ಸೂಜಿ ಬಿದ್ದರೂ ಕೇಳಿಸುವಷ್ಟು ಶಾಂತಿ. ಅಜ್ಜಿಗೂ ಅದು ಹಿತವಾಗಿಯೇ ಇತ್ತು. ಬಟಾಣಿ ಬಿಡಿಸುತ್ತಾ, ಬಟ್ಟೆ ಮಡಚುತ್ತಾ, ಟೊಣಪನ ಬಾಯಿಂದ ಕೆಂಪು ಕಡ್ಡಿ ಕೀಳುತ್ತಾ ದಿನ ಸಲೀಸಾಗಿ ಉರುಳುತ್ತಿತ್ತು.

"ಎಂಟು ತಿಂಗಳು ಕಿವಿ ಮುಚ್ಚಿ ಕೂರಿಸಿದ್ರೆ ಇನ್ನೇನಾಗತ್ತೆ?" ಎಂದ ಮಗ. "ಮಗು ಮಂಕಾಗಿದೆ."

"ರೀ, ಅವಳು ಮಂಕಲ್ಲ. ಕೇಳ್ತಾಳೆ, ಕಲೀತಾಳೆ."

"ಏನು ಕಲಿತಿದಾಳೆ? ತೋರಿಸು."

"ನಲವತ್ತು ಚಿತ್ರಕ್ಕೆ ಬಣ್ಣ ಹಾಕಿದಾಳೆ."

"ಸರಿ. ಅಮ್ಮ ನೋಡಲಿ. ಅಮ್ಮ ಹೇಳಿದ ಹಾಗೆ."

ಸೊಸೆಯೂ ತಲೆಯಾಡಿಸಿದಳು. ಯಾಕೆಂದರೆ ಆ ಮನೆಯಲ್ಲಿ ಅಜ್ಜಿಯ ಕಣ್ಣಿಗೆ ಮೇಲ್ಮನವಿ ಇರಲಿಲ್ಲ. ಗುಂಡಿ ಕಾರ್ಖಾನೆಯ ತಪಾಸಣೆ ಮೇಜಿನಲ್ಲಿ ಮೂವತ್ತೊಂದು ವರ್ಷ ಕೂತು ಎದ್ದವಳು ಅವಳು. ಅಂಗಿಯ ಗುಂಡಿ, ಕೋಟಿನ ಗುಂಡಿ, ಮಕ್ಕಳ ಫ್ರಾಕಿನ ಹೂವಿನ ಗುಂಡಿ. ನಾಲ್ಕು ತೂತಿನಲ್ಲಿ ಒಂದು ಕೂದಲೆಳೆಯಷ್ಟು ವಾರೆಯಾಗಿದ್ದರೂ ಹೆಬ್ಬೆರಳಿಗೆ ಗೊತ್ತಾಗಿಬಿಡುತ್ತಿತ್ತು. ನಿವೃತ್ತಿಯಾಗಿ ಆರು ವರ್ಷವಾದರೂ ಮನೆಗೆ ಬಂದ ಟೊಮೇಟೊ, ಬಲ್ಬು, ಹೊಸ ಶೂ, ಎಲ್ಲವೂ ಅವಳ ಕೈ ದಾಟಿಯೇ ಒಳಗೆ ಹೋಗಬೇಕು. ಸೊಸೆಯನ್ನೂ ಕಿಟಕಿಯ ಬೆಳಕಿಗೆ ಹಿಡಿದು ನೋಡಿಯೇ ಮನೆ ತುಂಬಿಸಿಕೊಂಡದ್ದು ಎಂದು ಮಗ ಆಗಾಗ ನಗಾಡುತ್ತಿದ್ದ.

ಮರುದಿನ ಬೆಳಿಗ್ಗೆ ಅಜ್ಜಿ ಕನ್ನಡಕ ಒರೆಸಿಕೊಂಡು, ಮಂಚದ ಮೇಲೆ ಬಿಳಿ ಹೊದಿಕೆ ಹಾಸಿ, ಹಾಳೆಗಳ ಕಟ್ಟು ಬಿಚ್ಚಿದಳು. ಒಟ್ಟು ನಲವತ್ತೊಂದು. ಕಾರ್ಖಾನೆಯಲ್ಲಿ ಮಾಡುತ್ತಿದ್ದಂತೆಯೇ ಮೂರು ರಾಶಿ: ಪಾಸು, ಚಿಕ್ಕ ಕುಂದಿನ ಸೆಕೆಂಡ್ಸು, ರಿಜೆಕ್ಟು.

ಮೊದಲ ಹಾಳೆಯಲ್ಲಿ ಕುದುರೆ. ಹಸಿರು ಕುದುರೆ! ಅದೂ ಪೂರ್ತಿ ಅಲ್ಲ. ಮುಂಗಾಲೊಂದು ಬೆಳ್ಳಗೇ ಉಳಿದಿದೆ. ರಿಜೆಕ್ಟು.

ಪಕ್ಕದಲ್ಲಿ ನಿಂತು ನೋಡುತ್ತಿದ್ದ ಟೊಣಪ ಕುದುರೆಯ ಮೇಲೆ ಅಂಗೈ ಬಡಿದ. "ದೊಪ್!"

"ನಡಿಯೋ ಆಚೆ, ಕೈ ಅಂಟು."

"ದೊಪ್! ದೊಪ್!" ಅವನಿಗೆ ಖುಷಿಯೋ ಖುಷಿ. ಅಜ್ಜಿ ಅವನ ಕೈಗೆ ಒಂದು ಬಿಸ್ಕತ್ತು ಕೊಟ್ಟು ಅಡುಗೆಮನೆಗೆ ಸಾಗಹಾಕಿದಳು.

ಚಂದ್ರನಿಗೆ ಕಪ್ಪು. ರಿಜೆಕ್ಟು. ಛತ್ರಿಗೆ ಅರ್ಧ ನೀಲಿ, ಇನ್ನರ್ಧ ಖಾಲಿ. ರಿಜೆಕ್ಟು. ಅಂಚೆ ಹಂಚುವ ಹೆಂಗಸಿನ ಟೋಪಿಗೆ ಕೆಂಪು, ಸೈಕಲ್ಲಿಗೆ ಹಳದಿ, ಹೆಗಲ ಚೀಲಕ್ಕೆ ಏನೂ ಇಲ್ಲ. ರಿಜೆಕ್ಟು. ಒಂದಾದರೂ ಹಾಳೆ ಪೂರ್ತಿ ಮುಗಿದಿರಬೇಕಲ್ಲ? ಕೊನೆಗೆ ಮೂರು ಸಿಕ್ಕವು: ಕಂದು ಕುದುರೆಯದೊಂದು, ಹೂವಿನ ಕುಂಡದ್ದೊಂದು, ಮೀನಿನದೊಂದು. ಗೆರೆ ದಾಟದ, ಅಚ್ಚುಕಟ್ಟಾದ ಬಣ್ಣ. ಪಾಸು.

"ನಲವತ್ತೊಂದಕ್ಕೆ ಮೂರು," ಎಂದಳು ಅಜ್ಜಿ ಸಂಜೆ. ಮಗುವಿನ ವಿಷಯವಾದ್ದರಿಂದ ದನಿ ತಗ್ಗಿಸಿದ್ದಳು. ಆದರೆ ಮಾತು ಕಾರ್ಖಾನೆಯದೇ ಬಂತು. "ಲಾಟು ಸರಿ ಇಲ್ಲಪ್ಪ. ಯಾವುದನ್ನೂ ಮುಗಿಸಿಲ್ಲ. ಬಣ್ಣಾನೂ ಅಡ್ಡಾದಿಡ್ಡಿ."

ಮಗ ಎದ್ದು, ಫೋನನ್ನೂ ಹೆಡ್‌ಫೋನನ್ನೂ ತನ್ನ ಹಳೆಯ ಸಲಕರಣೆ ಪೆಟ್ಟಿಗೆಯಲ್ಲಿ ಸ್ಪ್ಯಾನರುಗಳ ಜೊತೆ ಹಾಕಿ ಬೀರುವಿನ ತಲೆಯ ಮೇಲಿಟ್ಟ. ಅಕ್ಕಮ್ಮ ಅಳಲಿಲ್ಲ. "ಇನ್ನೂ ಹತ್ತೊಂಬತ್ತು ಕಥೆ ಇದೆ," ಎಂದಷ್ಟೇ ಹೇಳಿ ಬೀರುವಿನ ಮೇಲೆ ನೋಡುತ್ತಾ ನಿಂತಳು.

ಅಂದಿನಿಂದ ಸೊಸೆ ಅತ್ತೆಯ ಜೊತೆ ಮಾತು ಬಿಟ್ಟಳು. ಬಿಟ್ಟಳೆಂದರೆ ಪೂರ್ತಿ ಅಲ್ಲ; ಮಕ್ಕಳ ಮೂಲಕ ರವಾನಿಸುತ್ತಿದ್ದಳು. "ಅಕ್ಕಮ್ಮ, ಅಜ್ಜಿಗೆ ಅನ್ನ ಆಯ್ತು ಅಂತ ಹೇಳು." ಅಜ್ಜಿ ಮೂರು ಅಡಿ ದೂರದಲ್ಲೇ ಕೂತಿರುತ್ತಿದ್ದಳು. "ಅಕ್ಕಮ್ಮ, ಕೇಳಿಸ್ತು ಅಂತ ನಿಮ್ಮಮ್ಮಂಗೆ ಹೇಳು." ಅಕ್ಕಮ್ಮ ಎರಡನ್ನೂ ನಿಷ್ಠೆಯಿಂದ ತಲುಪಿಸುತ್ತಿದ್ದಳು. ಒಂದು ಪದ ಹೆಚ್ಚಿಲ್ಲ, ಒಂದು ಪದ ಕಡಿಮೆ ಇಲ್ಲ. ಅದನ್ನು ಆಗಲಾದರೂ ಗಮನಿಸಬೇಕಿತ್ತು ಎಂದು ಅಜ್ಜಿಗೆ ಆಮೇಲೆ ಅನ್ನಿಸಿತು.

ಎರಡನೇ ವಾರ ಮಗ ಅಂಗಡಿಯಿಂದ ಹೊಸ ಪುಸ್ತಕ ತಂದ. ಪುಟಕ್ಕೊಂದು ದೊಡ್ಡ ಚಿತ್ರ, ಮೂಲೆಯಲ್ಲಿ ಅದೇ ಚಿತ್ರ ಅಂಚೆಚೀಟಿಯಷ್ಟು ಗಾತ್ರದಲ್ಲಿ ಬಣ್ಣ ತುಂಬಿಕೊಂಡು ಕೂತಿತ್ತು. ಅಕ್ಕಮ್ಮ ಮೂಲೆಯನ್ನು ನೋಡಿದಳು, ಆನೆಗೆ ಬೂದು ಬಳಿದಳು. ಮೂಲೆಯನ್ನು ನೋಡಿದಳು, ಚೆಂಡಿಗೆ ಕೇಸರಿ ಬಳಿದಳು. ಹದಿನೈದು ನಿಮಿಷಕ್ಕೆ ಪುಟ ಮುಗಿಯಿತು. ಗೆರೆ ಕೂಡ ದಾಟಿರಲಿಲ್ಲ.

"ನೋಡಿದ್ಯಾ? ಫೋನ್ ಹೋಯ್ತು, ಬುದ್ಧಿ ಬಂತು," ಎಂದು ಮಗ ತೊಡೆ ತಟ್ಟಿದ.

"ಅಪ್ಪ, ಇದರಲ್ಲಿ ಏನಾಗತ್ತೆ?" ಎಂದು ಕೇಳಿದಳು ಅಕ್ಕಮ್ಮ.

"ಏನೂ ಆಗಲ್ಲ. ಆನೆ ಚೆಂಡಿನ ಪಕ್ಕ ನಿಂತಿದೆ."

"ಯಾಕೆ ನಿಂತಿದೆ?"

"ನಿಂತಿದೆ ಅಷ್ಟೇ! ಮುಂದಿನ ಪುಟ ಹಾಕು."

ಆದರೆ ಶಾಲೆಯ ಹಾಳೆಯಲ್ಲಿ ಮೂಲೆಯ ಚಿತ್ರ ಇರುವುದಿಲ್ಲವಲ್ಲ! ಅದು ನೆನಪಾಗಿ ಮಗ ಮರುದಿನ ಕತ್ತರಿ ತಂದು ಪುಟಗಳ ಮೂಲೆಗಳನ್ನೆಲ್ಲ ಕತ್ತರಿಸಿ ಹಾಕಿದ. ಅಕ್ಕಮ್ಮ ಕಡ್ಡಿ ಹಿಡಿದು ಕೂತಳು. ಹತ್ತು ನಿಮಿಷ. ಇಪ್ಪತ್ತು. ಹಾಳೆ ಖಾಲಿ.

"ಹಠ," ಎಂದ ಮಗ. "ನಿಮ್ಮನೆ ಕಡೆಯ ಹಠ ಇದು," ಎಂದ ಹೆಂಡತಿಗೆ.

"ನಮ್ಮನೆಯವರು ಹಠ ಮಾಡಿದ್ರೆ ಗೆಲ್ತಾರೆ," ಎಂದಳು ಅವಳು ಪಾತ್ರೆ ತೊಳೆಯುತ್ತಲೇ. "ಹೀಗೆ ಸುಮ್ಮನೆ ಕೂರೋದು ನಿಮ್ಮ ಕಡೆಯದು."

ಅಜ್ಜಿ ಈ ಜಗಳಕ್ಕೆ ಕಿವಿಗೊಡಲಿಲ್ಲ. ನೆಲದ ಮೇಲೆ ಬಿದ್ದ ಪುಟ್ಟ ಮೂಲೆಗಳನ್ನು ಗುಡಿಸುತ್ತಿದ್ದವಳು ಒಂದನ್ನು ಎತ್ತಿ ಅಂಗೈಯಲ್ಲಿಟ್ಟು ನೋಡುತ್ತಾ ನಿಂತಿದ್ದಳು. ಇಂಥದ್ದನ್ನು ಅವಳು ಮೂವತ್ತೊಂದು ವರ್ಷ ದಿನಾ ನೋಡಿದ್ದಳು.

ಕಾರ್ಖಾನೆಯಲ್ಲಿ ಪ್ರತಿ ಲಾಟಿನ ಜೊತೆ ಒಂದು ಮಾದರಿ ಕಾರ್ಡು ಬರುತ್ತಿತ್ತು. ಅಂಗೈಯಗಲದ ರಟ್ಟು, ಅದಕ್ಕೆ ದಾರದಲ್ಲಿ ಹೊಲಿದ ಒಂದೇ ಒಂದು ಗುಂಡಿ. ಗಿರಾಕಿ ಕೇಳಿದ್ದು ಇಂಥದ್ದು ಎಂಬುದಕ್ಕೆ ಅದೇ ಸಾಕ್ಷಿ. ಕಾರ್ಡು ಎದುರಿಗಿಲ್ಲದೆ ಚೀಲ ಬಿಚ್ಚಬಾರದು. ಕೆಲಸಕ್ಕೆ ಸೇರಿದ ಮೊದಲ ತಿಂಗಳಲ್ಲಿ ಅವಳು ಕಾರ್ಡು ಬರುವ ಮುಂಚೆಯೇ ಒಂದು ಚೀಲ ಬಿಚ್ಚಿ, ಕಂದು ಗುಂಡಿಗಳ ಮೇಲೆಲ್ಲ ಬಿಳಿ ಮಚ್ಚೆ ಕಂಡು, ಚೀಲವನ್ನೇ ರಿಜೆಕ್ಟು ಮಾಡಿದ್ದಳು. ಮೇಲ್ವಿಚಾರಕಿ ಬಂದು ಕಾರ್ಡನ್ನು ಮುಂದಿಟ್ಟಿದ್ದಳು. ಅದರಲ್ಲಿ ಹೊಲಿದ ಗುಂಡಿಗೂ ಬಿಳಿ ಮಚ್ಚೆ. ಗಿರಾಕಿ ಬೇಡಿದ್ದೇ ಮಚ್ಚೆ.

ನಲವತ್ತೊಂದು ಹಾಳೆ ನೋಡಿದೆ, ಎಂದುಕೊಂಡಳು ಅಜ್ಜಿ. ಕಾರ್ಡು ಎಲ್ಲಿತ್ತು?

ಪೊರಕೆ ಗೋಡೆಗೆ ಒರಗಿಸಿ ನೇರ ಅಡುಗೆಮನೆಗೆ ಹೋದಳು.

"ಆ ಕುದುರೆ ಕಥೇಲಿ ಕುದುರೆಗೆ ಏನಾಗತ್ತೆ?"

ಮಾತು ಬಿಟ್ಟಿದ್ದ ಸೊಸೆ ಗಾಬರಿಯಲ್ಲಿ ಅದನ್ನು ಮರೆತಳು. "ಯಾವ ಕುದುರೆ ಅತ್ತೆ?"

"ಫೋನಿನ ಕುದುರೆ. ಹಸಿರು ಬಳಿದಿದ್ಲಲ್ಲ."

"ನಂಗೇನು ಗೊತ್ತು?"

"ಕಥೆ ತಂದೋಳು ನೀನು!"

"ತಂದೆ. ಇಳಿಸಿಕೊಟ್ಟೆ, ಚಿತ್ರ ಅಚ್ಚು ಹಾಕ್ದೆ. ಕೂತು ಕೇಳೋಕೆ ಪುರುಸೊತ್ತೆಲ್ಲಿದೆ ಅತ್ತೆ? ನೀವೇ ಇರ್ತೀರಲ್ಲ ದಿನವೆಲ್ಲ ಮನೇಲಿ."

"ನಾನು ಬಟಾಣಿ ಬಿಡಿಸ್ತಾ ಇದ್ದೆ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎಂಟು ತಿಂಗಳಲ್ಲಿ ನಲವತ್ತೊಂದು ಕಥೆ ಆ ಮನೆಯೊಳಗೆ ಬಂದು ಹೋಗಿದ್ದವು. ದೊಡ್ಡವರಲ್ಲಿ ಒಬ್ಬರ ಕಿವಿಗೂ ಅರ್ಧ ಸಾಲು ಬಿದ್ದಿರಲಿಲ್ಲ.

"ಸ್ಟೂಲು ಹಿಡ್ಕೋ," ಎಂದಳು ಅಜ್ಜಿ ಮಗ ಮಲಗಿದ ಮೇಲೆ, ಬೀರುವಿನ ಮುಂದೆ ಅದನ್ನು ಹತ್ತುತ್ತಾ.

"ನೀವು ಇಳೀರಿ, ನಾನು ಹತ್ತುತೀನಿ. ಬಿದ್ದುಗಿದ್ದೀರ."

ಮರುದಿನ ಮಧ್ಯಾಹ್ನ ಮಗ ಕೆಲಸಕ್ಕೆ ಹೋಗಿದ್ದ. ಅಜ್ಜಿ ಕಿಟಕಿಯ ಕೆಳಗೆ ಗೋಡೆಗೊರಗಿ ಕೂತು ಹೆಡ್‌ಫೋನು ಹಾಕಿಕೊಂಡಳು. ಅಕ್ಕಮ್ಮನೇ ಅಜ್ಜಿಯ ಕನ್ನಡಕದ ಕಡ್ಡಿಯನ್ನು ಸರಿಸಿ ಅದನ್ನು ಕಿವಿಗೆ ಕೂರಿಸಿ, ಗುಂಡಿ ಒತ್ತಿದಳು. ತೊಡೆಯ ಮೇಲೆ ಹಸಿರು ಕುದುರೆಯ ಹಾಳೆ.

ಒಂದು ಗಂಡಸಿನ ದನಿ, ನಿಧಾನ, ಸ್ವಲ್ಪ ನೆಗಡಿಯಾದಂತಿತ್ತು. ಗಾಡಿ ಎಳೆಯುವ ಬಿಳಿ ಕುದುರೆಯ ಕಥೆ. ಅದಕ್ಕೆ ನೀರಿನಲ್ಲಿ ತನ್ನ ಮುಖ ನೋಡಿಕೊಳ್ಳುವ ಚಟ. ಒಂದು ದಿನ ಪಾಚಿ ಕಟ್ಟಿದ ತೊಟ್ಟಿಗೆ ಬಗ್ಗಿ ನೋಡುವಾಗ ಕಾಲು ಜಾರಿ ದೊಪ್ ಎಂದು ಬಿತ್ತು.

"ಅಯ್ಯೋ!" ಎಂದಳು ಅಜ್ಜಿ ಜೋರಾಗಿ. ಹೆಡ್‌ಫೋನು ಹಾಕಿಕೊಂಡವರಿಗೆ ತಮ್ಮ ದನಿ ತಿಳಿಯುವುದಿಲ್ಲ. ಮೂಲೆಯಲ್ಲಿದ್ದ ಟೊಣಪ ಓಡಿ ಬಂದ. "ದೊಪ್?" ಎಂದ ಆಸೆಯಿಂದ.

"ದೊಪ್," ಎಂದು ಒಪ್ಪಿಕೊಂಡಳು ಅಜ್ಜಿ. ಇವನಿಗೆ ಕಥೆ ಹೇಗೆ ಗೊತ್ತು? ಆಮೇಲೆ ಹೊಳೆಯಿತು. ಹೆಡ್‌ಫೋನು ಒಂದೇ, ಅಕ್ಕಮ್ಮ ಕೇಳಿದ್ದನ್ನು ತಮ್ಮನ ಕಿವಿಯಲ್ಲಿ ಪಿಸುಗುಡುತ್ತಿದ್ದಳು. ಅದನ್ನೇ ಅಜ್ಜಿ ಇಷ್ಟು ದಿನ ಒಬ್ಬಳೇ ಗೊಣಗುತ್ತಾಳೆ ಎಂದುಕೊಂಡಿದ್ದು.

ಕಿವಿಯೊಳಗೆ ಕಥೆ ಮುಂದುವರಿಯಿತು. ಮೂರು ಕಾಲು ತೊಟ್ಟಿಯಲ್ಲಿ, ಒಂದು ಕಾಲು ಮಾತ್ರ ಕಟ್ಟೆಯ ಮೇಲೆ. ಎದ್ದು ಬಂದ ಕುದುರೆ ಕಿವಿಯಿಂದ ಬಾಲದವರೆಗೆ ಹಸಿರು. ಮನೆಗೆ ಹೋದರೆ ಯಾರೂ ಗುರುತು ಹಿಡಿಯಲಿಲ್ಲ. ಕೊನೆಗೆ ಒಡೆಯನ ಕಣ್ಣು ಬೆಳ್ಳಗುಳಿದ ಆ ಒಂದು ಮುಂಗಾಲಿನ ಮೇಲೆ ಬಿತ್ತು.

ಅಜ್ಜಿ ತೊಡೆಯ ಮೇಲಿನ ಹಾಳೆಯನ್ನು ಬೆಳಕಿಗೆ ಹಿಡಿದಳು. ಬೆಳ್ಳಗಿನ ಮುಂಗಾಲು. ಎಡಗಡೆಯದು. ಕಥೆಯಲ್ಲೂ ಎಡಗಡೆಯದೇ.

"ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ ಸುಮ್ಮನೆ ಹೇಳ್ಲಿಲ್ಲ," ಎಂದುಕೊಂಡಳು.

ಆಮೇಲೆ ಅವಳನ್ನು ಹಿಡಿಯುವವರಿಲ್ಲ. ಬಟಾಣಿ ಬುಟ್ಟಿಯಲ್ಲೇ ಉಳಿಯಿತು, ಬಟ್ಟೆ ತಂತಿಯ ಮೇಲೇ ಒಣಗಿ ಗರಿಯಾಯಿತು. ದಿನಕ್ಕೆ ಐದು, ಆರು ಕಥೆ. ಕಪ್ಪು ಚಂದ್ರ ಇದ್ದಿಲಿನ ರಾಶಿಗೆ ಬಿದ್ದಿದ್ದ. ಛತ್ರಿ ಹೊಲಿಯುವವಳಿಗೆ ಅರ್ಧ ದಾರಿಯಲ್ಲಿ ನೀಲಿ ಬಟ್ಟೆ ಮುಗಿದುಹೋಗಿ, ಬಾತುಕೋಳಿ ಅರ್ಧ ಮೈ ನೆನೆಸಿಕೊಂಡೇ ಹೊರಟಿತ್ತು. ಅಂಚೆಯವಳ ಚೀಲದ ಕಥೆಯನ್ನು ಮಾತ್ರ ಅಜ್ಜಿ ಎರಡು ಸಲ ಕೇಳಿದಳು. ಚೀಲ ಭಾರ ಎಂದಿತ್ತು, ಹರಿದಿದೆ ಎಂದಿತ್ತು. ಬಣ್ಣ ಹೇಳಿರಲಿಲ್ಲ.

"ಚೀಲಕ್ಕೆ ಯಾಕೆ ಏನೂ ಹಾಕ್ಲಿಲ್ಲ ಅಕ್ಕಮ್ಮ?"

"ಅವರು ಹೇಳ್ಲಿಲ್ಲ."

"ನೀನೇ ಯಾವುದಾದ್ರೂ ಒಂದು ಹಾಕಬಹುದಿತ್ತಲ್ಲ?"

ಅಕ್ಕಮ್ಮ ಅಜ್ಜಿಯನ್ನು ವಿಚಿತ್ರವಾಗಿ ನೋಡಿದಳು. "ಸುಳ್ಳಾಗಲ್ವಾ?"

ಅಜ್ಜಿ ಹಾಳೆಯನ್ನು ಜೋಪಾನವಾಗಿ ಕಟ್ಟಿಗೆ ಸೇರಿಸಿದಳು. ಮೂವತ್ತೊಂದು ವರ್ಷ ಅವಳು ಸಂಬಳ ಎಣಿಸಿದ್ದೂ ಇದೇ ಮಾತಿನ ಮೇಲೆ.

ವಾರ ಕಳೆಯುವುದರೊಳಗೆ ಮಂಚದ ಮೇಲೆ ಮತ್ತೆ ಬಿಳಿ ಹೊದಿಕೆ ಬಿತ್ತು. ಈ ಸಲ ಸೊಸೆಯೂ ಜೊತೆಗೆ ಕೂತಳು. ಪಾಸು: ಮೂವತ್ತೆಂಟು. ರಿಜೆಕ್ಟು: ಮೂರು.

"ಈ ಮೂರು ಯಾಕೋ ಹೊಂದಲ್ಲ," ಎಂದು ಅಜ್ಜಿ ಕಂದು ಕುದುರೆ, ಹೂವಿನ ಕುಂಡ, ಮೀನುಗಳನ್ನು ಆಚೆ ಸರಿಸಿದಳು. "ಹೋದ ಸಲ ಇವು ಮೂರೇ ಪಾಸಾಗಿದ್ದು. ಮೀನು ಗಾಜಿನದು ಅಂತ ಕಥೇಲಿ ಸ್ಪಷ್ಟವಾಗಿ ಹೇಳ್ತಾನೆ ಆ ನೆಗಡಿಯವನು. ಇಲ್ಲಿ ನೋಡಿದ್ರೆ ಕೇಸರಿ. ಇನ್ನೊಂದು ಕಥೆಯ ಕುದುರೆಗೆ ಬಣ್ಣಾನೇ ಹೇಳಿಲ್ಲ, ಇಲ್ಲಿ ಕಂದು. ಅಕ್ಕಮ್ಮ ಹೀಗೆ ಮಾಡೋಳಲ್ಲ."

ಸೊಸೆಯ ಕಿವಿ ಕೆಂಪಾಯಿತು. "ಅವು ನಾನು ಹಾಕಿದ್ದು ಅತ್ತೆ."

"ನೀನಾ?"

"ಮೊದಮೊದಲು... ಹೇಗೆ ಹಾಕ್ಬೇಕು ಅಂತ ಅವಳಿಗೆ ತೋರಿಸಿಕೊಡೋಕೆ."

ಅಜ್ಜಿ ಹೊದಿಕೆಯ ಮೇಲೆ ಬಿದ್ದು ಹೊರಳಾಡಿ ನಕ್ಕಳು. ಸೊಸೆ ಒಂದು ಕ್ಷಣ ಬಿಗುಮಾನದಿಂದ ಕೂತಿದ್ದು, ಆಮೇಲೆ ಅವಳೂ ಸೆರಗಿನಿಂದ ಕಣ್ಣೊರೆಸಿಕೊಳ್ಳುವಷ್ಟು ನಕ್ಕಳು. ಏನೆಂದು ತಿಳಿಯದ ಟೊಣಪ ಅವರಿಬ್ಬರಿಗಿಂತ ಜೋರಾಗಿ ನಕ್ಕ.

ಮಗನಿಗೆ ಹೇಳುವುದು ಅಷ್ಟು ಸುಲಭವಿರಲಿಲ್ಲ. ಅಜ್ಜಿ ಊಟಕ್ಕೆ ಮೊಟ್ಟೆ ಬೇಯಿಸಿಟ್ಟು, ಅವನು ಎರಡನೆಯದರ ಸಿಪ್ಪೆ ಬಿಡಿಸುವವರೆಗೆ ಕಾದಳು.

"ನನ್ನ ತಪಾಸಣೆ ತಪ್ಪಾಗಿತ್ತು ಕಣಪ್ಪ."

ಮಗ ತಲೆ ಎತ್ತಿದ. ಹುಟ್ಟಿದಾಗಿನಿಂದ ಈ ವಾಕ್ಯವನ್ನು ಅವನು ತಾಯಿಯ ಬಾಯಲ್ಲಿ ಕೇಳಿರಲಿಲ್ಲ.

ಅವಳು ಕುದುರೆಯಿಂದ ಶುರುಮಾಡಿ ಚೀಲದವರೆಗೆ ಹೇಳಿದಳು. ಅವನು ಹಾಳೆಗಳನ್ನು ತಿರುವಿ ತಿರುವಿ ನೋಡಿದ. ಅವನ ಹುಬ್ಬು ಗಂಟಾಗಿಯೇ ಇತ್ತು.

"ಸರಿಯಮ್ಮ, ಒಪ್ಪಿದೆ. ಚೆನ್ನಾಗಿ ಕೇಳಿಸ್ಕೊಳ್ತಾಳೆ. ಆದ್ರೆ ಶಾಲೆಯವರು ಕಥೆ ಹೇಳಲ್ಲ, ಹಾಳೆ ಕೊಡ್ತಾರೆ. ಕಥೆ ಇಲ್ಲ ಅಂದ್ರೆ ಇವಳು ಮತ್ತೆ ಗೊಂಬೆ ಥರ ಕೂರ್ತಾಳೆ. ಇನ್ನು ಎರಡು ವಾರ ಇದೆ ಅಷ್ಟೇ. ಆಗೇನು ಮಾಡೋದು?"

ಅದಂತೂ ನಿಜ.

"ಯಾವುದೋ ಒಂದು ಬಣ್ಣ ಬಳಿದು ಬಾ ಅಂತ ಹೇಳಿಬಿಡೋಣ," ಎಂದಳು ಸೊಸೆ ಸಣ್ಣಗೆ. "ಆ ಒಂದು ದಿನಕ್ಕೆ."

"ಸುಳ್ಳು ಹಾಕ್ಬೇಕಾ?" ಎಂದಳು ಅಕ್ಕಮ್ಮ.

ಮಗ ಸಿಟ್ಟೋ ಪೇಚೋ ತಿಳಿಯದೆ, ಒಂದು ಹಾಳೆಯ ಹಿಂಬದಿಯಲ್ಲಿ ಪೆನ್ನಿನಿಂದ ಒಂದು ಪೆಟ್ಟಿಗೆ ಬರೆದ. ಪೆಟ್ಟಿಗೆಯ ಮೇಲೆ ಹಗ್ಗ, ಒಳಗೆ ಒಬ್ಬ ಹೆಂಗಸು. "ತಗೋ. ಇದು ಲಿಫ್ಟು. ನನ್ನ ಲಿಫ್ಟು. ಇದಕ್ಕೆ ಹಾಕು ನೋಡೋಣ."

ಅಕ್ಕಮ್ಮ ನೋಡಿದಳು. "ಇದು ಹೋಗ್ತಾ ಇದೆಯೋ, ನಿಂತಿದೆಯೋ?"

"ನಿಂತಿದೆ. ಕೆಟ್ಟಿದೆ. ಅದಕ್ಕೇ ಅಲ್ವಾ ನಾನು ಹೋಗೋದು?"

"ಒಳಗಿರೋರು ಅಳ್ತಿದಾರಾ?"

"ಇಲ್ಲ, ಅವರು..." ಮಗನ ಕೈಯಲ್ಲಿ ಅರ್ಧ ಮೊಟ್ಟೆ ಹಾಗೇ ಉಳಿಯಿತು. "ಹೋದ ವಾರ ನಿಜವಾಗಲೂ ಒಬ್ಬರು ಸಿಕ್ಕಿಹಾಕಿಕೊಂಡಿದ್ರು. ನಾಲ್ಕನೇ ಮಹಡಿಗೂ ಐದಕ್ಕೂ ಮಧ್ಯ. ಕೈಯಲ್ಲಿ ದೊಡ್ಡ ಕೇಕು. ನಾನು ಮೇಲಿಂದ ಬಗ್ಗಿ ಕೂಗ್ದೆ, ಹೆದರಬೇಡಿ ಅಂತ. ಅವರು ಏನಂದ್ರು ಗೊತ್ತಾ? 'ನಂಗೇನೂ ಆಗಿಲ್ಲ, ಮೊದಲು ಕೇಕ್ ಎಳ್ಕೊಳ್ಳಿ' ಅಂದ್ರು!"

"ಕೇಕ್ ಯಾವ ಬಣ್ಣ?"

"ಗುಲಾಬಿ. ಮೇಲೆ ಬಿಳೀ ಕೆನೆ. ನನ್ನ ಕೈ ತಾಗಿ ಒಂದು ಕಡೆ ಗ್ರೀಸಿನ ಕಪ್ಪು ಹತ್ತಿಬಿಡ್ತು. ಅದೊಂದನ್ನ ಯಾರಿಗೂ ಹೇಳಿರಲಿಲ್ಲ."

ಅಕ್ಕಮ್ಮ ಆಗಲೇ ಗುಲಾಬಿ ಕಡ್ಡಿ ಹುಡುಕುತ್ತಿದ್ದಳು. ಅಪ್ಪ ಹೆಂಗಸಿನ ಕೈಗೆ ಬರೆದುಕೊಟ್ಟ ಕೇಕಿಗೆ ಗುಲಾಬಿ, ಒಂದು ಮೂಲೆಗೆ ಚೂರೇ ಚೂರು ಕಪ್ಪು. ಸೊಸೆ ಗಂಡನನ್ನು ಹೊಸಬನೊಬ್ಬನನ್ನು ನೋಡುವಂತೆ ನೋಡುತ್ತಿದ್ದಳು. "ಮದುವೆಯಾಗಿ ಏಳು ವರ್ಷ ಆಯ್ತು," ಎಂದಳು. "ಕೆಲಸದ್ದು ಒಂದು ಮಾತು ಮನೇಲಿ ಆಡಿರಲಿಲ್ಲ ನೀವು."

"ಯಾರು ಕೇಳಿದ್ರು?" ಎಂದ ಅವನು.

ಅಜ್ಜಿಗೆ ದಾರಿ ಕಂಡಿದ್ದು ಆಗಲೇ. ಅಕ್ಕಮ್ಮನ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು. "ನೋಡು, ಕಾರ್ಡು ಬರದೇ ಇದ್ರೆ ನಾವು ಕೈಕಟ್ಟಿ ಕೂರ್ತಿರಲಿಲ್ಲ. ನಾನು ನೇರ ಮ್ಯಾನೇಜರ್ ಕೋಣೆಗೆ ಹೋಗಿ ಕೇಳ್ತಿದ್ದೆ, ಎಲ್ರೀ ಕಾರ್ಡು ಅಂತ. ಅವರು ಹೇಳ್ಲಿಲ್ಲ ಅಂದ್ರೆ ನೀನು ಕೇಳು. ಬಾಯಿದೆಯಲ್ಲ?"

"ಫೋನಲ್ಲಿ ಕೇಳಿದ್ರೆ ಅವರು ಹೇಳಲ್ಲ."

"ಅದು ಫೋನು. ಟೀಚರ್ ಮನುಷ್ಯರು."

"ಟೀಚರ್‌ನ ಕೇಳಬಹುದಾ?"

"ಕೇಳಬಹುದು."

"ಬೈದ್ರೆ?"

"ಬೈದ್ರೆ ನಾನಿದೀನಿ," ಎಂದಳು ಅಜ್ಜಿ. ಇದ್ದು ಏನು ಮಾಡುತ್ತಾಳೆಂದು ಅವಳಿಗೂ ಗೊತ್ತಿರಲಿಲ್ಲ.

ಆರನೇ ವಾರದ ಕೊನೆಗೆ ಅಕ್ಕಮ್ಮನನ್ನು ಶಾಲೆಗೆ ಕರೆದುಕೊಂಡು ಹೋದದ್ದು ಅಜ್ಜಿಯೇ. ಹಜಾರದ ಬೆಂಚಿನಲ್ಲಿ ಐದಾರು ತಾಯಂದಿರು ಕೂತಿದ್ದರು. ಟೀಚರ್ ಸುಮಾರು ಐವತ್ತರ ಹೆಂಗಸು, ಕನ್ನಡಕ ಸರದಲ್ಲಿ ಎದೆಯ ಮೇಲೆ ತೂಗುತ್ತಿತ್ತು. ಮಗುವನ್ನು ಒಳಗೆ ಕರೆದು ಬಾಗಿಲಿನ ಕೆಳಗಿನರ್ಧ ಮುಂದೆಳೆದರು. ಮೇಲಿನರ್ಧ ತೆರೆದೇ ಇತ್ತು. ಅಜ್ಜಿ ಬೆಂಚಿನಲ್ಲಿ ಕೂರಲಿಲ್ಲ.

ಅದೇ ಹಾಳೆ. ಮನೆ, ಮರ, ಹೆಂಗಸು, ನಾಯಿ.

ಅಕ್ಕಮ್ಮ ಕಡ್ಡಿ ಹಿಡಿದು ಕೂತಳು. ಗೋಡೆ ಗಡಿಯಾರದಲ್ಲಿ ಮೂರು ನಿಮಿಷ. ನಾಲ್ಕು. ಟೀಚರ್ ಏನನ್ನೋ ಬರೆದುಕೊಂಡರು. ಅಜ್ಜಿಯ ಹೆಬ್ಬೆರಳು ತನ್ನಷ್ಟಕ್ಕೆ ತೋರುಬೆರಳನ್ನು ತೀಡತೊಡಗಿತು, ಗುಂಡಿ ಹಿಡಿದಂತೆ. ಕೇಳು, ಮಗು. ಕೇಳು.

"ಮಿಸ್," ಎಂದಿತು ಒಳಗಿನಿಂದ ಸಣ್ಣ ದನಿ, "ಈ ಚಿತ್ರದವರು ಯಾಕೆ ಬಾಗಿಲಲ್ಲಿ ನಿಂತಿದಾರೆ?"

ಟೀಚರ್ ಪೆನ್ನು ಎತ್ತಿದರು. "ಪ್ರಶ್ನೆ ನಾನು ಕೇಳೋದು ಮರಿ. ನೀನು ಬಣ್ಣ ಹಾಕು."

"ನೀವು ಹೇಳಿದ್ರೆ ಹಾಕ್ತೀನಿ."

ಬೈಗುಳ ಬರುತ್ತದೆಂದು ಅಜ್ಜಿ ಬಾಗಿಲ ಅಗುಳಿಗೆ ಕೈ ಹಾಕಿದಳು. ಬರಲಿಲ್ಲ. ಟೀಚರ್ ಕನ್ನಡಕ ಏರಿಸಿ ಹಾಳೆಯನ್ನು ತಮ್ಮ ಕಡೆ ತಿರುಗಿಸಿಕೊಂಡರು. ಹನ್ನೊಂದು ವರ್ಷದಿಂದ ಅವರು ಹಂಚುತ್ತಿದ್ದ ಹಾಳೆ ಅದು. ಅದನ್ನು ಅವರು ನೋಡಿದ್ದು ಬಹುಶಃ ಆ ದಿನವೇ.

"ಯಾಕೆ ನಿಂತಿದಾಳೆ..." ಎಂದರು. "ನಾಯೀನ ಬೈತಿದಾಳೆ ಅನ್ಸತ್ತೆ. ನಮ್ಮನೇಲೂ ಒಂದು ನಾಯಿ ಇತ್ತು. ಮಣ್ಣಲ್ಲಿ ಹೊರಳಾಡಿಕೊಂಡು ಬರೋದು. ನಮ್ಮಮ್ಮ ಬಾಗಿಲಿಗೆ ಅಡ್ಡ ನಿಲ್ಲೋಳು, ಒಳಗೆ ಬಿಡ್ತಿರಲಿಲ್ಲ."

"ಯಾವ ಮಣ್ಣು?"

"ಕೆಂಪು ಮಣ್ಣು."

"ಪೂರ್ತಿ ಮೈಗೆ?"

"ಮೂಗು ಬಿಟ್ಟು."

ಕೆಂಪು ಕಡ್ಡಿ ಓಡತೊಡಗಿತು. ಅಮ್ಮನ ಉಡುಪು? ನೀಲಿ, ಮಾಸಿದ್ದು. ಮರ? ಆಗ ತಾನೆ ಚಿಗುರಿತ್ತು. ಟೀಚರ್ ಯಾವಾಗ ಕುರ್ಚಿಯನ್ನು ಮಗುವಿನ ಪಕ್ಕಕ್ಕೆ ಎಳೆದುಕೊಂಡರೋ ಅಜ್ಜಿಗೂ ತಿಳಿಯಲಿಲ್ಲ. ಇಪ್ಪತ್ತು ನಿಮಿಷ ಮುಗಿದು ಗಡಿಯಾರ ಮುಂದೆ ಹೋಗಿತ್ತು. ಬೆಂಚಿನಿಂದ ಒಬ್ಬ ತಾಯಿ ಎದ್ದು ಬಂದಳು.

"ಏನಮ್ಮಾ, ಇಷ್ಟು ಹೊತ್ತು? ಒಳಗೆ ಏನು ಮಾಡ್ತಿದಾರೆ?"

"ಮಾದರಿ ಕಾರ್ಡು ಹುಡುಕ್ತಿದಾರೆ," ಎಂದಳು ಅಜ್ಜಿ, ಕಣ್ಣು ಕದಲಿಸದೆ.

"ಎಲ್ಲಾ ಆಯ್ತಲ್ಲ," ಎನ್ನುತ್ತಿದ್ದರು ಟೀಚರ್ ಒಳಗೆ. "ಬಾಗಿಲೊಂದು ಯಾಕೆ ಬಿಟ್ಟೆ?"

"ನೀವು ಹೇಳ್ಲಿಲ್ಲ."

"ಬಾಗಿಲು ಹಸಿರು." ಅಕ್ಕಮ್ಮ ಹಸಿರು ಕಡ್ಡಿ ಎತ್ತಿದಳು. "ತಾಳು ತಾಳು. ಪೂರ್ತಿ ಅಲ್ಲ. ಕೆಳಗಡೆ ನಾಯಿ ಕೆರೆದು ಕೆರೆದು ಬಣ್ಣ ಕಿತ್ತುಹೋಗಿತ್ತು. ಇಷ್ಟು ಎತ್ತರಕ್ಕೆ." ಟೀಚರ್ ಮೇಜಿನಿಂದ ಒಂದು ಗೇಣು ಮೇಲೆ ಅಂಗೈ ಹಿಡಿದು ತೋರಿಸಿದರು. ಆ ಅಂಗೈ ಸ್ವಲ್ಪ ಹೊತ್ತು ಅಲ್ಲೇ ಗಾಳಿಯಲ್ಲಿ ನಿಂತಿತ್ತು.

ಆಮೇಲೆ ಅವರೇ ಹೊರಗೆ ಬಂದರು. ಅರ್ಜಿಯಲ್ಲಿ ಒಂದನೇ ತರಗತಿ ಎಂದು ಬರೆದು ಸಹಿ ಹಾಕಿದ್ದರು.

"ಹೋದ ಸಲ ಇವಳಿಗೆ ಏನಾಗಿತ್ತು?" ಎಂದು ಅಜ್ಜಿಯನ್ನು ಕೇಳಿದರು.

"ಅವಳಿಗೇನೂ ಆಗಿರಲಿಲ್ಲ. ನಾನೂ ಏನೋ ಆಗಿದೆ ಅಂತಲೇ ಅಂದ್ಕೊಂಡಿದ್ದೆ ಟೀಚರ್, ಮೂವತ್ತೆಂಟು ಸಲ."

ಹಾಳೆಯನ್ನು ಅವರು ಕೊಡಲಿಲ್ಲ. ಇಲ್ಲೇ ಇರಲಿ ಎಂದು ತಮ್ಮ ಪುಸ್ತಕದೊಳಗೆ ಇಟ್ಟುಕೊಂಡರು.

ಗೇಟು ದಾಟುವವರೆಗೆ ಅಕ್ಕಮ್ಮ ಅಜ್ಜಿಯ ಬೆರಳು ಹಿಡಿದು ಬಂದಳು. ರಸ್ತೆಯ ಅಂಚಿನಲ್ಲಿ ಥಟ್ಟನೆ ನಿಂತಳು.

"ಅಜ್ಜಿ, ಆಮೇಲೆ ಅವರಮ್ಮ ನಾಯೀನ ಒಳಗೆ ಬಿಟ್ರಾ?"

"ನನಗೇನೇ ಗೊತ್ತು? ಕಥೆ ಅವರದ್ದು."

ಅಕ್ಕಮ್ಮ ಹಿಂದಿರುಗಿ ಶಾಲೆಯ ಕಡೆ ನೋಡಿದಳು. ಮೂರನೇ ಕಿಟಕಿಯಲ್ಲಿ ಟೀಚರ್ ಮುಂದಿನ ಮಗುವಿನ ಜೊತೆ ಕೂತಿದ್ದರು. ಕುರ್ಚಿ ಇನ್ನೂ ಮೇಜಿನ ಈಚೆ, ಮಗುವಿನ ಪಕ್ಕಕ್ಕೇ ಇತ್ತು.

"ಶಾಲೆ ಯಾವಾಗ ಶುರು?" ಎಂದು ಕೇಳಿದಳು.